ನನ್ನ ಮಡಿಲಿಗೆ ಬಂದ ಬೆಕ್ಕು

ಎದುರು ಮನೆಯವರು ಇವತ್ತು ಬೀದಿಯಲ್ಲಿ ಪಾವು ಹಾಸಿದ್ದರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಅಕ್ಕಿ ಗಂಜಿ ಬಳಿಯುತ್ತಾರಲ್ಲ, ಅದನ್ನು ಸೇಲಂ ಕಡೆ ನಾವು ಪಾವು ಅನ್ನುತ್ತೇವೆ. ಪವರ್‌ಲೂಮು ಬಂದ ಮೇಲೆ ಇದು ಅಪರೂಪ. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಆ ಗಂಜಿಯ ವಾಸನೆ ಬೆಳಿಗ್ಗೆಯೇ ನಮ್ಮ ಜಗಲಿಗೆ ಬಂದು ಕೂತಿತು. ಅದರ ಹಿಂದೆಯೇ ನನ್ನ ಓರಗಿತ್ತಿ ರಾಜಮ್ಮನೂ ಬಂದು ಕೂತಳು, ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು. ಕೈಯಲ್ಲಿ ಕಾಫಿ ಲೋಟ ಇತ್ತು.

ಜಗಲಿಯ ಆ ಕೊನೆ ಅವಳದು, ಈ ಕೊನೆ ನನ್ನದು. ನಾವು ಸೊಸೆಯರಾಗಿ ಬಂದಾಗಿನಿಂದ ಹಾಗೇ. ಯಾರೂ ಗೆರೆ ಎಳೆದು ಹಂಚಿದ್ದಲ್ಲ. ಹೂವು ಕಟ್ಟುವುದಾದರೂ ಅಕ್ಕಿ ಆರಿಸುವುದಾದರೂ ಅವಳು ಅಲ್ಲಿ, ನಾನು ಇಲ್ಲಿ. ನಡುವೆ ಮಕ್ಕಳು, ಈಗ ಮೊಮ್ಮಕ್ಕಳು. ಆ ಕಡೆ ಬಿಸಿಲು ಜಾಸ್ತಿ ಇರಬೇಕು ಅಂದುಕೊಂಡು ಸ್ವಲ್ಪ ಸರಿದು ಜಾಗ ಕೊಟ್ಟೆ. ಅಷ್ಟರಲ್ಲಿ ಗಂಜಿಯ ವಾಸನೆ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋಗಿಬಿಟ್ಟಿತ್ತು, ಸುಬ್ಬಿಯ ಹತ್ತಿರಕ್ಕೆ.

ಸುಬ್ಬಿ ನಮ್ಮ ಬೆಕ್ಕು. ಬೂದಿ ಬಣ್ಣ, ಹಣೆಯ ಮೇಲೆ ವಿಭೂತಿ ಎಳೆದ ಹಾಗೆ ಮೂರು ಗೆರೆ. ಮೆಟ್ಟೂರಿನ ಅಣೆಕಟ್ಟು ಮುಗಿದ ಹೊಸತು ಅದು. ನನ್ನ ತವರು ಮೇಚೇರಿಯಿಂದ ಯಾರು ಬಂದರೂ ನೀರಿನ ಮಾತೇ ಆಡುತ್ತಿದ್ದ ಕಾಲ. ನೇಯುವ ಮನೆಗೆ ಬೆಕ್ಕು ಬೇಕೇ ಬೇಕು. ಗಂಜಿ ಕುಡಿದ ನೂಲು ಅಂದರೆ ಇಲಿಗೆ ಹಬ್ಬದೂಟ; ಇರುಳು ಒಂದು ಇಲಿ ಹೊಕ್ಕರೆ ಬೆಳಿಗ್ಗೆ ಗಂಡಸರ ಮುಖ ನೋಡುವ ಹಾಗಿರುತ್ತಿರಲಿಲ್ಲ. ಹಾಗಾಗಿ ಸುಬ್ಬಿಗೆ ಮನೆಯಲ್ಲಿ ಮರ್ಯಾದೆ ಇತ್ತು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯೊಳಗೆ ನಮ್ಮೋರ, ಅಂದರೆ ನನ್ನ ಗಂಡನ, ಕಾಲ ಹತ್ತಿರ ಮಲಗಿದರೂ ಅವರು ಒದೆಯುತ್ತಿರಲಿಲ್ಲ, ಕಾಲನ್ನೇ ಆ ಕಡೆ ಇಡುತ್ತಿದ್ದರು.

ಅದಕ್ಕೆ ಹಾಲನ್ನ ಕಲಸಿ ಇಡುತ್ತಿದ್ದವಳು ನಾನು. ಮರಿ ಹಾಕಿದಾಗ ಅಟ್ಟದ ಮೇಲೆ ಹಳೇ ಸೀರೆ ಹಾಸಿ ಕೊಟ್ಟವಳೂ ನಾನೇ. ಅದು ನನ್ನ ಕೈಯ ಅನ್ನ ತಿಂದು, ಮೀಸೆ ಒರೆಸಿಕೊಂಡು, ಬಾಲ ಎತ್ತಿಕೊಂಡು ನೇರ ಜಗಲಿಯ ಆ ಕೊನೆಗೆ ಹೋಗಿ ರಾಜಮ್ಮನ ಮಡಿಲಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅವಳು ಅದಕ್ಕೆ ಒಂದು ತುತ್ತು ಹಾಕಿದವಳಲ್ಲ. ಸುಮ್ಮನೆ ಕೂತಿರುತ್ತಿದ್ದಳು, ಅಷ್ಟೇ.

ಬೆಕ್ಕೊಂದೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ನಮ್ಮತ್ತೆಗೆ ಕಾಲು ಒತ್ತಲು ರಾಜಮ್ಮನೇ ಬೇಕು. ನುಗ್ಗೇಕಾಯಿ ಸಾರು ನಾನು ಮಾಡಿದ ದಿನ ಮಾವನವರು ಉಣ್ಣುತ್ತಿದ್ದರು, ಅವಳು ಮಾಡಿದ ದಿನ ಮಾತಾಡುತ್ತಾ ಉಣ್ಣುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಬಾಚಣಿಗೆ ಹಿಡಿದುಕೊಂಡು ನನ್ನ ದಾಟಿ ಹೋಗುತ್ತಿದ್ದಳು, "ಚಿಕ್ಕಮ್ಮ ಜಡೆ ಆಕಿದ್ರೆ ನೋವಾಗಲ್ಲ" ಅಂತ. ಹೊಟ್ಟೆಕಿಚ್ಚಿಗೆ ಪೂಜೆ ಪುನಸ್ಕಾರ ಅಡ್ಡಿಯಿಲ್ಲ ನೋಡಿ. ಶುಕ್ರವಾರ ಚೌಡಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವಾಗಲೂ ಒಂದು ಕಣ್ಣು ಜಗಲಿಯ ಮೇಲಿರುತ್ತಿತ್ತು. ಆ ಅವ್ವ ನನಗೆ ಎಷ್ಟೋ ಕೊಟ್ಟಿದ್ದಳು: ಮಾತು ತಪ್ಪದ ಗಂಡ, ಸೋರದ ಮನೆ, ಹಗಲು ಪೂರ್ತಿ ಕೆಲಸ ಮಾಡುವ ಕೈಕಾಲು. ಅದನ್ನೆಲ್ಲ ಎಣಿಸಿ ಕೈ ಮುಗಿದು ಏಳುವ ಹೊತ್ತಿಗೆ ಆ ಬೆಕ್ಕು ರಾಜಮ್ಮನ ಮಡಿಲಲ್ಲಿ ಗುರ್ ಅನ್ನುತ್ತಿತ್ತು, ಎಣಿಸಿದ್ದೆಲ್ಲ ಮರೆತುಹೋಗುತ್ತಿತ್ತು.

ಒಂದು ದಿನ ನಮ್ಮ ಮನೆಯ ಪಾವಿಗೆ ಗಂಜಿ ಹಾಕಿ ಮುಗಿಸಿ, ಮೈ ಕೈ ಅಂಟಂಟು ಮಾಡಿಕೊಂಡು ನನ್ನ ಕೊನೆಯಲ್ಲಿ ಕೂತಿದ್ದೆ. ಸುಬ್ಬಿ ಬಂತು. ಎಂದಿನಂತೆ ದಾಟಿ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ನನ್ನ ಮಡಿಲಿಗೆ ಹತ್ತಿ, ಕಾಲು ಮಡಿಸಿ, ತಲೆ ನನ್ನ ಮೊಣಕೈಗೆ ಒತ್ತಿ ಕೂತಿತು.

ನಿಮಗೆ ನಗು ಬರಬಹುದು. ನನಗೆ ಆಗ ಊರಿನ ಗೌಡಿಕೆ ಸಿಕ್ಕಿದ ಹಾಗಾಯಿತು. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಅತ್ತೆ ಒಳಗಿನಿಂದ ಕೂಗಿದರೆ, "ಬರಾಕಾಗಲ್ಲ ಅತ್ತೆ, ಸುಬ್ಬಿ ಮಲಗೈತೆ" ಅಂದೆ, ಬೀದಿಗೆಲ್ಲ ಕೇಳುವ ಹಾಗೆ. ರಾಜಮ್ಮ ಹೂವು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ನೋಡಲಿ ಅಂತಲೇ ನಾನು ಅದರ ಬೆನ್ನು ಸವರಿದೆ.

"ಅಕ್ಕ, ಅದು ನಿನ್ನ ಅತ್ರ ಯಾಕೆ ಬಂತು?" ಅಂದಳು.

"ಯಾಕೆ, ಬರಬಾರ್ದಾ?"

"ಅಂಗಲ್ಲ. ಅದಕ್ಕೇನೋ ಆಗೈತೆ."

ನೀವೇ ಹೇಳಿ, ಇದಕ್ಕಿಂತ ಉರಿಯುವ ಮಾತು ಇನ್ನೊಂದುಂಟಾ? ನನ್ನ ಹತ್ತಿರ ಬರಬೇಕಾದರೆ ಬೆಕ್ಕಿಗೆ ರೋಗವೇ ಬರಬೇಕು. "ನಿನಗೇ ಏನೋ ಆಗೈತೆ, ಓಗಿ ಮಜ್ಜಿಗೆ ಕುಡಿ" ಅಂದೆ. ಅವಳು ಮತ್ತೆ ಹೂವು ಎತ್ತಿಕೊಂಡಳು, ಆದರೆ ನೋಡುವುದನ್ನು ಬಿಡಲಿಲ್ಲ.

ನನಗೆ ಆಡಿನ ಕಾಯಿಲೆ ಗೊತ್ತು. ಮೇಚೇರಿಯವಳಲ್ಲವಾ, ಆಡು ಕುರಿಗಳ ನಡುವೆ ಬೆಳೆದವಳು. ಆಡಿಗೆ ನೋವಾದರೆ ಊರು ಕಿವಿ ಮುಚ್ಚಿಕೊಳ್ಳುವಂತೆ ಕೂಗುತ್ತದೆ. ನನ್ನ ಹೆತ್ತವ್ವ ಅದರ ಕಿವಿ ಮುಟ್ಟಿ ಬಿಸಿ ನೋಡಿ ಬೇವೋ ಓಮವೋ ಅರೆದು ಕುಡಿಸುತ್ತಿದ್ದಳು. ಬೆಕ್ಕು ಹಾಗಲ್ಲ. ಮರ್ಯಾದಸ್ಥರ ಮನೆಯ ಹೆಂಗಸಿನ ಹಾಗೆ, ನೋವನ್ನು ಒಳಗಿಟ್ಟುಕೊಂಡು ಮುಖ ನೆಟ್ಟಗೆ ಇಟ್ಟುಕೊಂಡಿರುತ್ತದೆ. ಎಷ್ಟು ಹೊತ್ತಿಗೆ ವೈದ್ಯ ಬೇಕು, ಎಲ್ಲಿಯವರೆಗೆ ಕಾಯಬಹುದು, ಅದರ ಮುಖ ನೋಡಿ ಹೇಳುವುದಕ್ಕಾಗುವುದಿಲ್ಲ.

ಆದರೆ ಅಸೂಯೆಪಟ್ಟವಳ ಕಣ್ಣಿಗೆ ತಪ್ಪುವುದು ಕಡಿಮೆ. ಅದು ಎಷ್ಟು ಹೊತ್ತಿಗೆ ಏಳುತ್ತದೆ, ಯಾವ ಕಾಲು ಮೊದಲು ನೆಕ್ಕುತ್ತದೆ, ಅವಳ ಮಡಿಲಿಗೆ ಹೋಗುವ ಮೊದಲು ಎಲ್ಲಿ ನಿಂತು ಮೈ ಮುರಿಯುತ್ತದೆ, ಎಲ್ಲ ನನಗೆ ಬಾಯಿಪಾಠ. ಮರುದಿನ ಬೆಳಿಗ್ಗೆ ಹಾಲನ್ನ ಮೂಸಿ ಹಿಂದೆ ಸರಿಯಿತು. ಮೈ ನೆಕ್ಕಿಕೊಂಡಿರಲಿಲ್ಲ, ಕೂದಲು ನಿಮಿರಿ ನಿಂತಿತ್ತು. ನೊರೆ ನೊರೆಯಾಗಿ ಕಾರಿಕೊಂಡಿತು. ಗಲ್ಲ ಒದ್ದೆ. ಮತ್ತೆ ಬಂದು ನನ್ನ ಮಡಿಲನ್ನೇ ಹತ್ತಿತು, ಹತ್ತುವಾಗ ಒಂದು ಸಲ ಜಾರಿತು. ಆಗ ನನ್ನ ಗೌಡಿಕೆ ಮುಗಿಯಿತು.

ಅತ್ತೆ ದೃಷ್ಟಿ ಅಂದರು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಮಾವನವರು, "ಪೂನೆ ತಾನೇ ಉಲ್ಲು ತಿಂದು ವಾಸಿ ಮಾಡ್ಕೊಂತೈತೆ, ಬಿಡ್ರಮ್ಮ" ಅಂದರು. ಬೆಕ್ಕಿಗೆ ನಮ್ಮ ಮಾವ ಕನ್ನಡದಲ್ಲೂ ಪೂನೆ ಅಂತಲೇ ಅನ್ನುತ್ತಿದ್ದರು. ನಾನು ಚೌಡಮ್ಮನ ಕುಂಕುಮ ತಂದು ಅದರ ಹಣೆಗಿಟ್ಟೆ. ಆಗ ಅದು ಬಾಯಿ ತೆರೆಯಿತು, ಆಕಳಿಸುವ ಹಾಗೆ. ನಾಲಿಗೆಯ ಕೆಳಗೆ ಬಿಳಿ ಎಳೆಯೊಂದು ಕಂಡಿತು.

ನೂಲು. ನಮ್ಮದೇ ಪಾವಿನ ನೂಲು. ಗಂಜಿಯ ರುಚಿಗೆ ನೆಕ್ಕಿ ನುಂಗಿಬಿಟ್ಟಿತ್ತು.

"ತುದಿ ಸಿಕ್ತಲ್ಲ, ಎಳಿ ಮತ್ತೆ" ಅಂದರು ಅತ್ತೆ. ಹೇಳಬೇಕಾಗಿಯೇ ಇರಲಿಲ್ಲ. ನೇಕಾರರ ಮನೆಯಲ್ಲಿ ಎಳೆಯ ತುದಿ ಕಂಡರೆ ಕೈ ತಾನೇ ಹೋಗುತ್ತದೆ. ಸೀರೆಯ ಸೆರಗಿನಲ್ಲಿ ಕಂಡರೂ ಸರಿ, ದಾರಿಯಲ್ಲಿ ಹೋಗುವವರ ಬೆನ್ನ ಮೇಲೆ ಕಂಡರೂ ಸರಿ. ಎರಡು ಬೆರಳಲ್ಲಿ ಹಿಡಿದೆ. ಒಂದಿಷ್ಟೇ ಬಿಗಿ ಮಾಡಿದೆ. ಬೆಕ್ಕಿನ ಹೊಟ್ಟೆ ನನ್ನ ತೊಡೆಯ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಯಿತು, ಅದು ಕೂಗಿದ ಕೂಗು ಬೆಕ್ಕಿನದ್ದಾಗಿರಲಿಲ್ಲ.

ಬಿಟ್ಟುಬಿಟ್ಟೆ. ಮಗ್ಗದಲ್ಲಿ ಒಂದು ಎಳೆ ಸಿಕ್ಕಿಕೊಂಡರೆ ಎಳೆಯಬಾರದು, ಎಳೆದರೆ ಪಕ್ಕದವೆಲ್ಲ ಕಡಿಯುತ್ತವೆ. ಒಳಗೆ ಎಲ್ಲಿ ಸಿಕ್ಕಿದೆಯೋ ಕಾಣದ ಎಳೆಯನ್ನಂತೂ ಮುಟ್ಟಲೇಬಾರದು. ಇದು ಉಪ್ಪು ಮೆಣಸಿನಕಾಯಿಗೆ ಹೋಗುವಂಥದ್ದಲ್ಲ, ನಮ್ಮ ಮನೆಯ ಕೈಗೆ ಆಗುವಂಥದ್ದೂ ಅಲ್ಲ ಅಂತ ಅಲ್ಲೇ ತೀರ್ಮಾನವಾಯಿತು.

"ದನದಾಸ್ಪತ್ರೆಗೆ ತಗೊಂಡೋಗ್ತೀನಿ" ಅಂದೆ.

ನಮ್ಮೋರು ಕುಣಿಯೊಳಗಿಂದ, "ಇವತ್ತು ಬೆಕ್ಕು. ನಾಳೆ ಇಲಿಗೆ ತಲೆನೋವು ಬಂದ್ರೂ ತೋರಿಸ್ಕೊಂಡು ಬಾ" ಅಂದರು. ಅವರ ತಮ್ಮ, ರಾಜಮ್ಮನ ಗಂಡ, ಪಕ್ಕದ ಮಗ್ಗದಿಂದ ನಕ್ಕ. ಮಗ್ಗದ ಸದ್ದು ಮಾತ್ರ ನಿಂತಿತ್ತು, ಇಬ್ಬರದ್ದೂ.

ನೂಲು ಸುತ್ತುವ ಬುಟ್ಟಿಗೆ ಬಟ್ಟೆ ಹಾಸಿ ಅದನ್ನು ಮಲಗಿಸಿದೆ. ಒಬ್ಬಳೇ ಹೋಗಬೇಕು ಅಂತ ನನ್ನ ಮನಸ್ಸು. ಅದು ಬಂದಿದ್ದು ನನ್ನ ಹತ್ತಿರ. ಹೊಸಲು ದಾಟುವಾಗ ನೋಡಿದರೆ ಬುಟ್ಟಿಯ ಇನ್ನೊಂದು ಕಿವಿ ಹಿಡಿದುಕೊಂಡು ರಾಜಮ್ಮ. "ನೀನ್ಯಾಕೆ?" ಅಂದೆ. "ಭಾರ ಅಲ್ವಾ ಅಕ್ಕ" ಅಂದಳು. ಬೆಕ್ಕು ಏನು ಭಾರ? ಬಿಸಿಲಲ್ಲಿ ಇಬ್ಬರೂ ಒಂದೊಂದು ಕಿವಿ ಹಿಡಿದು ನಡೆದೆವು. ಅವಳು ಬೇಗ ಹೆಜ್ಜೆ ಹಾಕಿದರೆ ನಾನು ಇನ್ನೂ ಬೇಗ. ಬುಟ್ಟಿ ವಾಲಿದಾಗ ಒಳಗಿಂದ ಸಣ್ಣಗೆ ನರಳುವುದು ಕೇಳಿ ಇಬ್ಬರೂ ಒಂದೇ ಹೆಜ್ಜೆಗೆ ಬಂದೆವು.

ಆಸ್ಪತ್ರೆಯ ಅಂಗಳದಲ್ಲಿ ಎತ್ತು, ಜಟಕಾ ಕುದುರೆ, ಬಾಯಿ ಹುಣ್ಣಿನ ಆಡು. ನಮ್ಮ ಬುಟ್ಟಿ ನೋಡಿ ಕಾಂಪೌಂಡರು, "ಪೂನೆಕ್ಕಾಮ್ಮಾ ವೈದ್ಯಂ?" ಅಂತ ನಕ್ಕ. ಬೆಕ್ಕಿಗೆ ವೈದ್ಯವಾ ಅಂತ ಎತ್ತಿನವರೂ ನಕ್ಕರು. ಡಾಕ್ಟರು ನಗಲಿಲ್ಲ. ಬುಟ್ಟಿ ತೆರೆದು ನೋಡಿ, ಬೆಕ್ಕು ಯಾರದ್ದು ಅಂತ ತಮಿಳಿನಲ್ಲಿ ಕೇಳಿದರು.

"ನನ್ನದು" ಅಂದೆ ನಾನು. "ನನ್ನದು" ಅಂದಳು ಅವಳು.

ಅವರು ಇಬ್ಬರನ್ನೂ ನೋಡಿದರು. "ಬಾಯಿ ಬಿಡಿಸಬೇಕು. ಕೊಸರಾಡಿದರೆ ಕತ್ತರಿ ನಾಲಿಗೆಗೆ ತಾಗುತ್ತೆ. ಯಾರ ಕೈಯಲ್ಲಿ ಇದು ಸುಮ್ಮನಿರುತ್ತೋ ಅವರು ಹಿಡಿದುಕೊಳ್ಳಿ" ಅಂದರು.

ರಾಜಮ್ಮ ತಾನೇ ಕೈ ಚಾಚಿದ್ದರೆ ಜಗಳವಾದರೂ ಆಡಬಹುದಿತ್ತು. ಬೆಕ್ಕಿನ ಕಣ್ಣು ಅರ್ಧ ಮುಚ್ಚಿತ್ತು, ಮೂಲೆಯಿಂದ ಬಿಳಿ ಪೊರೆ ಏರಿತ್ತು. ಎರಡು ದಿನ ನನ್ನ ಮಡಿಲಲ್ಲಿದ್ದರೂ ಅದು ಒಂದು ಸಲವೂ ಗುರ್ ಅಂದಿರಲಿಲ್ಲ ಅನ್ನುವುದು ಆಗ ನೆನಪಾಯಿತು.

"ಇವಳು ಇಡ್ಕೊಳ್ಳಲಿ" ಅಂದೆ. ಆ ಮಾತು ಬಾಯಿಂದ ಆಚೆ ಬರುವಾಗ ಹಲ್ಲು ಕಿತ್ತಷ್ಟು ನೋವಾಯಿತು.

ಅವಳು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಕಿವಿಯ ಹಿಂದೆ ಒಂದು ಬೆರಳಿಟ್ಟಳು, ಅಷ್ಟೇ. ಸುಬ್ಬಿ ಸಡಿಲವಾಯಿತು. ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದ್ದ ಎಳೆಯನ್ನು ಡಾಕ್ಟರು ಕತ್ತರಿಸಿ ಬಿಟ್ಟರು. ಉಳಿದದ್ದು ತಾನಾಗಿ ಕೆಳಗಿಳಿಯಬೇಕು, ಇಳಿಯದಿದ್ದರೆ ದೇವರೇ ಗತಿ ಅಂದರು. ಎಣ್ಣೆಯಂಥ ಮದ್ದು ಕೊಟ್ಟರು. "ಎಳೆದಿದ್ದರೆ ಕರುಳು ದಾರ ಎಳೆದ ಸುರುಕು ಚೀಲದ ಹಾಗೆ ಮುದುಡಿ ಹರಿದುಹೋಗುತ್ತಿತ್ತು. ಒಂದು ದಿನ ಪೂರ್ತಿ ತಿನ್ನದಿದ್ದರೆ, ಮೈ ನೆಕ್ಕದಿದ್ದರೆ, ಎಂದೂ ಮಾಡದ್ದನ್ನು ಮಾಡಿದರೆ ಕಾಯಬೇಡಿ, ತನ್ನಿ."

ಎಂದೂ ಮಾಡದ್ದು. ರಾಜಮ್ಮ ನನ್ನ ಕಡೆ ನೋಡಲಿಲ್ಲ. ಆ ಒಂದು ದಯೆಗೆ ಇವತ್ತಿಗೂ ಅವಳಿಗೆ ನಾನು ಋಣಿ.

ಮನೆಗೆ ಬಂದ ಮೇಲೂ ಅದು ನನ್ನ ಮಡಿಲಿಗೇ ಬಂತು. ಎಳೆಮಗುವಿಗೆ ಕುಡಿಸುವ ಒಳಲೆಯಲ್ಲಿ ಗಂಜಿ ತಿಳಿ ಕುಡಿಸಿದೆ, ಎಣ್ಣೆ ಕುಡಿಸಿದೆ. ಒಂದು ಗುಟುಕು ಇಳಿದರೆ ಅವ್ವ ಕೊಟ್ಟಳು ಅಂತ ಒಂದು ಸಲ ಕೈ ಮುಗಿದೆ. ಚೌಡಮ್ಮನ ಮುಂದೆ ಕೂತು, ವಾಸಿ ಮಾಡು ತಾಯಿ ಅಂದೆ. ವಾಸಿಯಾದ ಮೇಲೆ ನನ್ನ ಹತ್ತಿರವೇ ಇರಲಿ ಅಂತಲೂ ಸೇರಿಸಿದೆ. ಅದು ರಾಜಮ್ಮನ ಹತ್ತಿರ ಹೋದರೂ ಪರವಾಗಿಲ್ಲ ಅಂತ ಬೇಡಿಕೊಳ್ಳುವಷ್ಟು ದೊಡ್ಡ ಮನಸ್ಸನ್ನು ಅವ್ವ ನನಗೆ ಕೊಟ್ಟಿರಲಿಲ್ಲ.

ನೂಲು ಇಳಿಯಿತು. ಅತ್ತೆ ಅದನ್ನು ಹಿತ್ತಿಲಲ್ಲಿ ಕಂಡು ಹಬ್ಬದ ಸುದ್ದಿಯ ಹಾಗೆ ಕೂಗಿ ಹೇಳಿದರು. ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾದು ಕೂತಿದ್ದೆ. ಸುಬ್ಬಿ ಒಳಗಿನಿಂದ ಬಂತು. ಹೊಸಲಲ್ಲಿ ನಿಂತು ಮೈ ಮುರಿಯಿತು. ಎಡಗಾಲು ನೆಕ್ಕಿತು. ಬಾಲ ಎತ್ತಿತು. ನನ್ನ ಸೀರೆಯ ಅಂಚು ಸವರಿಕೊಂಡು, ನನ್ನ ದಾಟಿ, ಆ ಕೊನೆಗೆ ಹೋಗಿ ಅವಳ ಮಡಿಲಲ್ಲಿ ಸುರುಳಿ ಸುತ್ತಿಕೊಂಡಿತು. ಗುರ್ ಅನ್ನುವ ಸದ್ದು ನನ್ನ ತನಕ ಕೇಳಿತು.

ಹೊಟ್ಟೆ ಉರಿಯಿತು. ವಾಸಿಯಾಯಿತು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ ಅಂತಲೂ ಗೊತ್ತಾಯಿತು. ಎರಡೂ ಒಟ್ಟಿಗೇ ಇದ್ದವು. ಎದ್ದು ಹಾಲನ್ನ ಕಲಸಲು ಹೋದೆ.

ಎದುರು ಮನೆಯವರು ಪಾವಿನ ಇನ್ನೊಂದು ಬದಿಗೆ ಗಂಜಿ ಬಳಿಯಲು ತಿರುಗುವಾಗ ನಾನು ಇವತ್ತಿಗೆ ವಾಪಸ್ಸು ಬಂದೆ. ರಾಜಮ್ಮ ಇನ್ನೂ ನನ್ನ ಭುಜಕ್ಕೆ ಒರಗಿಯೇ ಇದ್ದಳು. ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ತಲೆ ಬಾಚಿರಲಿಲ್ಲ, ಎಣ್ಣೆ ಹಚ್ಚಿ ಬಾಚದೆ ಎಂದೂ ಜಗಲಿಗೆ ಬಂದವಳಲ್ಲ ಅವಳು.

"ರಾಜಿ, ಏಳು. ಆಸ್ಪತ್ರೆಗೆ ಓಗೋಣ" ಅಂದೆ.

"ನಂಗೇನಾಗೈತೆ ಅಕ್ಕ?"

"ನನ್ನ ಅತ್ರ ಬಂದು ಕೂತಿದೀಯಲ್ಲ."

ನಗಲು ಹೋದಳು, ಪೂರ್ತಿ ನಗಲಿಲ್ಲ. "ನೆನ್ನೆಯಿಂದ ಎದೆ ಅತ್ರ ಏನೋ ಒತ್ತಿದಂಗೈತೆ. ಉಡುಗ್ರಿಗೆ ಏಳ್ಬೇಡ, ಗಾಬರಿ ಆಯ್ತಾವೆ" ಅಂದಳು. ನಾನು ಅಷ್ಟು ಹೊತ್ತಿಗೆ ಸೊಸೆಯನ್ನು ಕೂಗಿ ರಿಕ್ಷಾಕ್ಕೆ ಕಳಿಸಿಯಾಗಿತ್ತು.

ಹೊತ್ತಿಗೆ ಸರಿಯಾಗಿ ಬಂದಿರಿ, ಆದರೂ ಕೆಲವು ದಿನ ಇರಬೇಕು, ನೋಡೋಣ ಅಂದಿದ್ದಾರೆ ಡಾಕ್ಟರು. ಮಂಚದ ಪಕ್ಕ ಕೂರಲು ಹೋದರೆ, "ಅಕ್ಕ, ನೀನೋಗು, ನಿನ್ನ ಮಗಳಿದ್ರೆ ಸಾಕು" ಅಂದಳು. ನನ್ನ ಮಗಳು, ಅದೇ ಜಡೆಯವಳು, ಚಿಕ್ಕಮ್ಮನ ಕೈ ಹಿಡಿದು ಕೂತಿದ್ದಾಳೆ. ನಾನು ಮನೆಗೆ ಬಂದು ಸಂಜೆಯ ದೀಪ ಹಚ್ಚಿದೆ. ಜಗಲಿಯ ಆ ಕೊನೆ ಖಾಲಿ ಇದೆ.

ಅವ್ವಾ ಚೌಡಮ್ಮ, ಅವಳನ್ನು ವಾಸಿ ಮಾಡಿ ಕಳಿಸು. ಬಂದು ಅಲ್ಲೇ ಕೂರಲಿ. ಮಕ್ಕಳು ಮೊಮ್ಮಕ್ಕಳೆಲ್ಲ ನನ್ನ ದಾಟಿಕೊಂಡು ಅವಳ ಮಡಿಲಿಗೇ ಹೋಗಲಿ. ಅವಳು ನನ್ನ ಕಡೆ ತಿರುಗಿಯೂ ನೋಡದಿರಲಿ.