ಒಣಗದ ಹೀರೋ

ನಾನು ಶಾಲೆ ಬಿಟ್ಟು ಮನೆಯಿಂದ ಮೊದಲ ಸಲ ಹೊರಬಿದ್ದದ್ದು ಒಂದು ಸೋಮವಾರ. ಅವತ್ತಿನಿಂದ ಊರೂರಿನ ಗೋಡೆಗಳ ಮೇಲೆ ಸಿನಿಮಾ ಹೀರೋಗಳನ್ನು ಬರೆಯುವುದೇ ನನ್ನ ಕಸುಬು.

ವಿಜಯನಗರದಲ್ಲಿ ಅಭಿಮಾನಿ ಸಂಘದವರು ತಮ್ಮ ಹೀರೋನನ್ನು ಬರೆಯಲು ಒಂದು ಗೋಡೆ ಕೊಟ್ಟರು. ಚಿತ್ರ ಅವರಿಗೆ ಹಿಡಿಸಿದರೆ ಬಸವೇಶ್ವರನಗರದ ಗೋಡೆಯೂ ನನ್ನದೇ. ಕಣ್ಣು, ಮೀಸೆಗೆ ಹಚ್ಚಿದ ಕಪ್ಪು ಇನ್ನೂ ಹಸಿಯಾಗಿತ್ತು, ಅಷ್ಟರಲ್ಲಿ ಅಭಿಷೇಕಕ್ಕೆ ಹಾಲಿನ ಬಿಂದಿಗೆ ಬಂತು.

"ಒಣಗಿಲ್ಲ ಅಣ್ಣ, ಪಾದಕ್ಕೆ ಹಾಕಿ," ಅಂತ ಅಂಗಲಾಚಿದೆ.

"ಎದೆವರೆಗೆ ತಾನೆ ಬರೆದಿರೋದು ಗುರು, ಪಾದ ಎಲ್ಲಿದೆ?" ಅನ್ನುತ್ತಾ ಸಂಘದ ಅಧ್ಯಕ್ಷರು ಏಣಿ ಹತ್ತಿ ತಲೆ ಮೇಲೇ ಸುರಿದರು.

ಕಣ್ಣಿನ ಕಪ್ಪು ಕೆನ್ನೆಗಿಳಿಯಿತು. ಅಧ್ಯಕ್ಷರು ಕೈಮುಗಿದರು. "ನೋಡ್ರೋ, ನಮ್ ಪ್ರೀತಿಗೆ ಕಣ್ಣೀರು ಹಾಕ್ತಾ ಇದಾರೆ!"

ಮೀಸೆಯೂ ಇಳಿಯತೊಡಗಿತ್ತು. ಅದಕ್ಕೇನು ಹೇಳುತ್ತಾರೋ ಕೇಳುವ ಧೈರ್ಯವಿಲ್ಲದೆ ನಾನು ಬ್ರಷ್ಷು, ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡೆ.