ಬಿಡಿಸಿ ಬರೆಯುವ ಮಾಷ್

ಕೇರಳದ ನಮ್ಮ ಶಾಲೆಯ ವೇಲಾಯುಧನ್ ಮಾಷ್, ಅಂದರೆ ಮೇಷ್ಟ್ರು, ಇಪ್ಪತ್ತೆಂಟು ವರ್ಷದಿಂದ ಮಲಯಾಳ ವ್ಯಾಕರಣ ಕಲಿಸುತ್ತಿರುವವರು. ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಪದಗಳನ್ನು ಅಂಟಿಸಿಯೇ ಬಿಟ್ಟವರ ಅರ್ಧ ಅಂಕ ಹಾರಿಸುವುದರಲ್ಲಿ ಅವರಿಗೆ ದಯೆಯಿಲ್ಲ. ಸಂಧಿಯ ವಿಷಯದಲ್ಲಿ ಸಂಧಾನವಿಲ್ಲ. ಚಾಲಕ್ಕುಡಿ ನಿಲ್ದಾಣದಲ್ಲಿ ಬಸ್ಸಿನ ಬೋರ್ಡನ್ನು ಮನಸ್ಸಿನಲ್ಲೇ ಬಿಡಿಸುತ್ತ ನಿಂತು ಬಸ್ಸನ್ನೇ ಬಿಟ್ಟದ್ದುಂಟು.

ಇವರಿಗೇ ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ಸಿಕ್ಕಿತ್ತು. ಕಾರಣ ಸರಳ: ಮೀಟಿಂಗಿನಲ್ಲಿ ಆ ಕೆಲಸದ ಹೆಸರು ಬಂದಾಗ ಇವರು ಚಹಾಕ್ಕೆ ಹೋಗಿದ್ದರು.

ಜೂನಿನಲ್ಲಿ ಹಳೆ ವಿದ್ಯಾರ್ಥಿಗಳು ಹೊಸ ಲ್ಯಾಪ್‌ಟಾಪ್ ಒಂದನ್ನು ಕೊಟ್ಟರು. ನಮ್ಮಲ್ಲಿ ಕಂಪ್ಯೂಟರ್‌ಗಳೆಲ್ಲ ನಡೆಯುವುದು ಲಿನಕ್ಸ್ ತಂತ್ರಾಂಶದಲ್ಲಿ. ಮಾಷ್ ಶ್ರದ್ಧೆಯಿಂದ ಅದನ್ನೇ ಹಾಕಿದರು. ಗುಂಡಿ ಒತ್ತಿದರೆ ಶುರುವಿನ ಪಟ್ಟಿ ಬಂತು, ಕ್ಷಣದಲ್ಲಿ ಪರದೆ ಕಪ್ಪಾಯಿತು. ಒಳಗೆ ಫ್ಯಾನ್ ಮಾತ್ರ ಗೊರಕೆ ಹೊಡೆಯುತ್ತಿತ್ತು.

“ಪರದೆ ನಡೆಸೋ ಡಿಸ್‌ಪ್ಲೇ ಡ್ರೈವರ್ ಸರಿಯಾಗಿ ಏಳ್ತಿಲ್ಲ,” ಅಂದರು ಮಾಷ್.

ಡ್ರಿಲ್ ಕಲಿಸುವ ಔಸೇಪ್ ಮಾಷ್ ಬಾಗಿಲಿಗೆ ಒರಗಿದ್ದರು. “ಡ್ರೈವರ್ ಬಂದಿಲ್ವಾ? ಇವತ್ತು ಹರತಾಳ ಅಂತ ಯಾರೂ ಹೇಳಿಲ್ವಲ್ಲ ಮಾಷೆ.”

“ಊಟದ ಗಂಟೆಯೊಳಗೆ ಇದು ಕಣ್ಣು ಬಿಡದಿದ್ರೆ ನನ್ನ ಅರ್ಧ ಮೀಸೆ ಬೋಳಿಸ್ತೇನೆ,” ಅಂದರು ವೇಲಾಯುಧನ್ ಮಾಷ್.

“ಎಡ ಅರ್ಧವೋ ಬಲವೋ?”

“ಅದು ನಿಮ್ಮಿಷ್ಟ.”

ಪಂದ್ಯಕ್ಕೆ ಮೀಸೆ ಇಡುವುದು ಈ ಊರಲ್ಲಿ ಆಡಿ ತಪ್ಪಿಸಿಕೊಳ್ಳುವ ಮಾತಲ್ಲ. ಅದೂ ಇವರ ಮೀಸೆ, ಮದುವೆಗಿಂತ ಹಳೆಯದು. ಕನ್ನಡ ನಾಡಿನಿಂದ ಬಂದು ಇಲ್ಲಿ ಹಿಂದಿ ಕಲಿಸುವ ನಾನು ತರಗತಿಗೆ ಬರೆಯುವ ಕೆಲಸ ಕೊಟ್ಟು ಸಾಕ್ಷಿಗೆ ಕುಳಿತೆ.

ಗಂಟೆ ಹನ್ನೆರಡಾಯಿತು. ಊಟದ ಗಂಟೆ ಒಂದಕ್ಕೆ. ಮಾಷ್ ರಂಲಾ ಟೀಚರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆಕೆ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಕೊಡುವವಳು, ಒಂದು ಕಾಲದಲ್ಲಿ ಇವರ ಶಿಷ್ಯೆ.

“ಪಟ್ಟಿ ಬಂದಾಗ ‘ಇ’ ಒತ್ತಿ ಮಾಷೆ. ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ಹೋಗಿ ನೋಮೋಡ್‌ಸೆಟ್ ಅಂತ ಹಾಕಿ.”

“ಹಾಗಂದ್ರೇನು ಮಗಳೇ?”

“ಪರದೆ ವಿಷಯದಲ್ಲಿ ನಿನ್ನ ಜಾಣತನ ಬೇಡ, ಹಳೇ ಕ್ರಮದಲ್ಲೇ ತೋರಿಸು ಅಂತ.”

ಹಳೇ ಕ್ರಮ ಎಂದದ್ದು ಮಾಷ್‌ಗೆ ಹಿಡಿಸಿತು. ನನ್ನ ಕನ್ನಡದ ಕಿವಿಗೆ ಮಾತ್ರ ‘ನೋ ಮೋಡ’ ಎಂದೇ ಕೇಳಿಸಿತು. ಕಿಟಕಿಯಾಚೆ ಮಳೆಮೋಡ ಕವಿದುಕೊಂಡಿತ್ತು.

ಮಾಷ್ ಟೈಪಿಸಿದರು. ಪರದೆ ಕಪ್ಪು. ಇನ್ನೊಮ್ಮೆ. ಕಪ್ಪು. ಹನ್ನೆರಡೂವರೆಗೆ ಔಸೇಪ್ ಮಾಷ್ ಎದುರಿನ ಕ್ಷೌರದಂಗಡಿಯಿಂದ ಕತ್ತಿಯನ್ನೇ ಎರವಲು ತಂದರು.

“ಹಾಕಿದ್ದನ್ನ ಹಾಕಿದ ಹಾಗೇ ಓದಿ ನೋಡೋಣ,” ಅಂದಳು ರಂಲಾ.

“ನೋ. ಜಾಗ. ಮೋಡ್. ಜಾಗ. ಸೆಟ್.”

“ಮಾಷೆ, ಬಿಡಿಸಿ ಬರೆದ್ರಾ?”

“ಮೂರು ಪದ ಅಲ್ವಾ?”

“ಕೂಡಿಸಿ ಬರೀರಿ ಮಾಷೆ.”

ಇಪ್ಪತ್ತೆಂಟು ವರ್ಷದ ಬೆರಳು ಒಪ್ಪಲಿಲ್ಲ; ಸೆಟ್ಟಿಗೆ ಮುಂಚೆ ತಾನಾಗಿಯೇ ಮತ್ತೆ ಜಾಗ ಬಿಟ್ಟಿತು. ಮಾಷ್ ಅದನ್ನು ಅಳಿಸಿ, ಕಣ್ಣುಮುಚ್ಚಿ, ಪದಗಳನ್ನು ಅಂಟಿಸಿದರು. ಪರದೆ ಬೆಳಗಿತು. ಅಕ್ಷರಗಳು ಕುಂಬಳಕಾಯಿ ಗಾತ್ರದವು, ಆದರೆ ಬೆಳಕು ಬೆಳಕೇ.

ಔಸೇಪ್ ಮಾಷ್ ಸುಮ್ಮನಿರಲಿಲ್ಲ. ಆರಿಸಿ ಮತ್ತೆ ಹಚ್ಚಿದರು. ಕಪ್ಪು.

“ಇದೇನು ಮಾಷೆ, ಒಂದು ಸಲಕ್ಕೆ ಮಾತ್ರ ಬರೋ ಡ್ರೈವರಾ?”

ಮೀಸೆಯ ಎರಡೂ ತುದಿಗಳು ಬೆವರಿದವು. ಗಂಟೆ ಹನ್ನೆರಡು ಐವತ್ತು.

“ಶುರುವಿನಲ್ಲಿ ಬರೆದದ್ದು ಆ ಹೊತ್ತಿಗಷ್ಟೇ,” ಅಂದಳು ರಂಲಾ ಫೋನಿನಲ್ಲಿ. “ಮತ್ತೆ ಹಾಗೇ ಒಳಗೆ ಹೋಗಿ. ಕಾಯಂ ಆಗಬೇಕಾದ್ರೆ ಫೈಲಿನಲ್ಲಿ ಬರೆದಿಡಬೇಕು, ನಾನು ಹೇಳ್ತಾ ಹೋಗ್ತೀನಿ. ಸರಿಯಾದ ಡ್ರೈವರ್ ನಾಳೆ ನಾನೇ ಬಂದು ಹಾಕ್ತೀನಿ. ಆದ್ರೆ ಮಾಷೆ...”

“ಗೊತ್ತು. ಕೂಡಿಸಿ.”

ಒಂದಕ್ಕೆ ಎರಡು ನಿಮಿಷವಿದ್ದಾಗ ಲ್ಯಾಪ್‌ಟಾಪ್ ಯಾರ ಸಹಾಯವಿಲ್ಲದೆ ಕಣ್ಣು ಬಿಟ್ಟಿತು. ಔಸೇಪ್ ಮಾಷ್ ಎರಡು ಸಲ ಆರಿಸಿ ಹಚ್ಚಿ, ಕತ್ತಿ ಮಡಚಿ ಜೇಬಿಗಿಟ್ಟುಕೊಂಡರು. ಗಂಟೆ ಹೊಡೆಯಿತು.

ಮಾಷ್ ಫೋನ್ ಕೆಳಗಿಡಲಿಲ್ಲ. “ಒಂಬತ್ತನೇ ಕ್ಲಾಸಿನಲ್ಲಿ ನೀನು ಕೂಡಿಸಿ ಬರೆದೆ ಅಂತ ಅರ್ಧ ಮಾರ್ಕು ಕಿತ್ತುಕೊಂಡಿದ್ದೆ ಅಲ್ವಾ? ಇವತ್ತು ವಾಪಸ್ ಕೊಟ್ಟೆ ಅಂತ ತಿಳ್ಕೋ.”

“ಬೇಡ ಮಾಷೆ,” ಅಂದಳು ಆಕೆ. “ಅರ್ಧ ಮೀಸೆ ಉಳೀತಲ್ಲ, ಲೆಕ್ಕ ಸರಿಹೋಯ್ತು.”