ಅರಿಸಿನ ಕುಡಿದ ಕಾರ್ಡು

ಒಂದು ಕಾರ್ಡನ್ನು ಒಂದು ಕಂಪನಿಯ ಡಬ್ಬಿಯಿಂದ ಇನ್ನೊಂದು ಕಂಪನಿಯ ಡಬ್ಬಿಗೆ ಹಾಕಿಸಲು ಹೋಗಿ ನನಗೆ ತಗುಲಿದ ಖರ್ಚು ಹದಿನಾಲ್ಕು ಸಾವಿರ ರೂಪಾಯಿ. ಹೋಗಿಬರುವ ಕೊರಿಯರ್, ವಿಮೆ, ಪರೀಕ್ಷೆಯ ಫೀಜು, ಕೊನೆಗೆ ನನ್ನದೇ ವಸ್ತು ವಾಪಸು ಬಂದಾಗ ಕಸ್ಟಮ್ಸಿಗೆ ಕಟ್ಟಿದ ಸುಂಕ. ಡಬ್ಬಿ ಮಾತ್ರ ಬದಲಾಗಲಿಲ್ಲ.

ಆಗ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಬಾಡಿಗೆ ಕೋಣೆ ಹಿಡಿದು ಹಳೇ ಸಾಮಾನಿನ ಅಂಗಡಿ ಇಟ್ಟಿದ್ದೆ. ಊಟಿಯಲ್ಲಿ ಬಂಗಲೆ ಖಾಲಿಯಾದರೆ ಬೀರು, ಗಡಿಯಾರ, ಕುರ್ಚಿ ತಂದು ಮೈಸೂರಿನವರಿಗೆ ಮಾರುವುದು. ಹಾಗೆ ತಂದ ಒಂದು ಬೀರುವಿನ ಖಾನೆಯಲ್ಲಿ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳು ಸಿಕ್ಕವು. ಹಿಂದಿನ ಕಾಲದಲ್ಲಿ ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದಂಥವು. ಒಂದು ಮಾತ್ರ ಮೊನ್ನೆ ಅಚ್ಚಾದಂತಿತ್ತು. ಇಂಥವನ್ನು ದುಡ್ಡು ಸುರಿದು ಕೂಡಿಡುವವರಿದ್ದಾರೆ; ಅವರಿಗಾಗಿ ಕಾರ್ಡು ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಕಂಪನಿಗಳು ಪರದೇಶದಲ್ಲಿವೆ. ಫೀಜು ಕಡಿಮೆಯಿದ್ದ ಕಂಪನಿಗೆ ಕಳಿಸಿದೆ. ಏಳು ಬಂತು.

ಚಾಮರಾಜನಗರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಗೆಳೆಯನೇ ನನ್ನ ಇಮೇಲ್ ನೋಡುತ್ತಿದ್ದದ್ದು. ಅವನು ಇಂಟರ್ನೆಟ್ಟಿನಲ್ಲಿ ಹಾಕಿದ ಮಾರಾಟದ ಜಾಹೀರಾತು ನೋಡಿ ಇಂಗ್ಲೆಂಡಿನ ಗಿರಾಕಿಯೊಬ್ಬ ಬರೆದ: ಈ ಕಂಪನಿಯ ಅಂಕ ನಂಬುವುದಿಲ್ಲ, ದೊಡ್ಡ ಕಂಪನಿಯ ಡಬ್ಬಿಯಲ್ಲಿ ಅದೇ ಏಳು ತಂದರೆ ಕೊಳ್ಳುತ್ತೇನೆ. ಅವನು ಹೇಳಿದ ಬೆಲೆಗೆ ನನ್ನ ಕೈಯಲ್ಲಿದ್ದದ್ದು ಸೇರಿದರೆ ನಾನು ಕೂತ ಕೋಣೆಯೇ ನನ್ನದಾಗುತ್ತಿತ್ತು. ಮಾಲೀಕರು ಅದನ್ನು ಮಾರಲು ಹೊರಟಿದ್ದರು. ಸಂಕ್ರಾಂತಿವರೆಗೆ ಕಾಯುತ್ತೇನೆ ಎಂದಿದ್ದರು.

ದೊಡ್ಡ ಕಂಪನಿಗೆ ಹಳೇ ಡಬ್ಬಿ ಸಮೇತ ಕಳಿಸಿ, ನಿಮ್ಮ ಅಂಕ ಏಳಕ್ಕಿಂತ ಕಡಿಮೆಯಾದರೆ ಡಬ್ಬಿ ಒಡೆಯಬೇಡಿ ಎಂದು ಬರೆಯುವುದು ಇದರ ಪದ್ಧತಿ. ಬರೆದೆ. ದಸರಾ ಹಬ್ಬ ಮುಗಿಯಲಿ, ಕಳಿಸೋಣ ಎಂದು ಅಂಗಡಿಯಲ್ಲಿಟ್ಟೆ. ಆಯುಧಪೂಜೆಯ ದಿನ ಅವ್ವ ತಕ್ಕಡಿ, ಸುತ್ತಿಗೆ, ಗಲ್ಲಾಪೆಟ್ಟಿಗೆ, ಫೋನು ಎಲ್ಲಕ್ಕೂ ಕಲಸಿದ ಅರಿಸಿನ ಹಚ್ಚಿ ಕುಂಕುಮ ಇಟ್ಟಳು. ಡಬ್ಬಿಯ ಕೆಳ ಅಂಚಿಗೂ ಬಳಿದಳು.

“ಅದ್ಕ್ಯಾಕವ್ವ?” ಅಂದೆ.

“ರೂಮು ಕೊಡ್ಸೋದು ಅದೇ ತಾನೆ? ಸುತ್ಗೆಗೆ ಇಕ್ಬುಟ್ಟು ಅದ್ಕೆ ಇಕ್ದೆ ಇದ್ರೆ ಬೇಜಾರ್ ಮಾಡ್ಕಳಕಿಲ್ವ? ನೀ ಸುಮ್ಕಿರ್ಲಾ.”

ಮಾರನೆಯ ದಿನ, ಪರದೇಶಕ್ಕೆ ಹೋಗುವ ವಸ್ತು ಮಾಸಲಾಗಿರಬಾರದೆಂದು ಅವಳೇ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಳು. ಡಬ್ಬಿ ಫಳಫಳ ಅನ್ನುತ್ತಿತ್ತು. ರಟ್ಟಿನ ನಡುವೆ ಇಟ್ಟು ಕಟ್ಟಿ, ಬಸ್ಸು ಹತ್ತಿ, ಚಾಮರಾಜನಗರದಿಂದ ಕಳಿಸಿದೆ.

ಎಷ್ಟೋ ವಾರ ಕಾದ ಮೇಲೆ ಗೆಳೆಯ ಫೋನ್ ಮಾಡಿ ಬಾ ಅಂದ. ಪರದೆಯ ಮೇಲೆ ಕಾರ್ಡಿನ ಫೋಟೊ ದೊಡ್ಡದಾಗಿ ಬಂದಿತ್ತು. ಕೆಳ ಅಂಚಿನುದ್ದಕ್ಕೂ ಹಳದಿ ದಾರದಂಥ ಗೆರೆ. ಡಬ್ಬಿಯ ಎರಡು ಹೋಳು ಕೂಡುವ ಸಂದಿಯಲ್ಲಿ ಅರಿಸಿನದ ನೀರು ಇಳಿದಿತ್ತು. ಕಲೆಯಿದೆ, ಏಳು ಕೊಡಲಾಗದು, ಒಡೆಯದೆ ವಾಪಸು ಕಳಿಸುತ್ತಿದ್ದೇವೆ ಎಂದು ಬರೆದಿದ್ದರು.

“ಅರಿಸ್ನ ಬೆಳ್ಯೋ ಗುಂಡ್ಲುಪೇಟೆಯೋರ್ಗೆ ಅದ್ನ ಕಳ್ಸಕ್ಕೆ ಬ್ಯಾರೆ ಜಾಗ ಸಿಗ್ನಿಲ್ವೇನ್ಲಾ?” ಅಂದ ಗೆಳೆಯ.

“ತಮಾಸೆ ಬುಡು. ಗಿರಾಕಿ ಏನಂದ?”

“ಏನಂತಾನೆ, ಬ್ಯಾಡ ಅಂದವ್ನೆ. ಎದ್ದೇಳು, ಟೀ ಕುಡಿಯನ.”

ಟೀಗೆ ಸಕ್ಕರೆ ಹಾಕಿದ್ದರೋ ಇಲ್ಲವೋ ತಿಳಿಯಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ದಾರಿಯಲ್ಲಿ ಸಿಗುವ ತೆರಕಣಾಂಬಿವರೆಗೆ ನಿಂತೇ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಕೋಣೆ ಕೇರಳದ ಬೇಕರಿಯವರ ಪಾಲಾಯಿತು. ನಾನು ಹಿಂದಿನ ಬೀದಿಗೆ ಸಾಮಾನು ಸಾಗಿಸಿದೆ. ಅಲ್ಲಿಗೆ ಊಟಿಯ ಬಸ್ಸಿನ ಸದ್ದು ಬರುತ್ತದೆ, ಗಿರಾಕಿ ಬರುವುದಿಲ್ಲ. ಅವ್ವನಿಗೆ ಕಾರಣ ಹೇಳಲಿಲ್ಲ. “ರೇಟು ಬರ್ನಿಲ್ಲ ಕಣವ್ವ” ಅಂದೆ.

“ಬುಡು,” ಅಂದಳು, “ಮುಂದಿನ್ ವರ್ಸ ಇನ್ನೂ ಚೆಂದಾಗಿ ಇಕ್ಕನ.”

ಆದ್ದರಿಂದ, ಇಂಥ ಕಾರ್ಡು ನಿಮ್ಮ ಕೈಗೂ ಬಂದರೆ, ಮೊದಲ ಸಲವೇ ಕೊಳ್ಳುವವನು ನಂಬುವ ಕಂಪನಿಗೆ ಕಳಿಸಿ. ಅಗ್ಗದ ಫೀಜು ಅಂದರೆ ಎರಡು ಫೀಜು. ಗಟ್ಟಿ ಡಬ್ಬಿಯೆಲ್ಲ ನೀರು ಹೋಗದ ಡಬ್ಬಿ ಅಂದುಕೊಳ್ಳಬೇಡಿ. ಕಟ್ಟುವ ಮುಂಚೆ ಬಿಸಿಲಿಗೆ ಹಿಡಿದು ನಾಲ್ಕೂ ಅಂಚು ನೋಡಿ. ಇದು ವಾಪಸು ಬರುವ ಸ್ವಂತ ವಸ್ತು ಎಂದು ಕಳಿಸುವಾಗಲೇ ಕಸ್ಟಮ್ಸ್ ಕಾಗದದಲ್ಲಿ ಬರೆಸಿ. ಹಬ್ಬ ಹತ್ತಿರವಿದ್ದರೆ ಹಬ್ಬಕ್ಕೆ ಮುಂಚೆಯೇ ಕಳಿಸಿಬಿಡಿ. ಆಗಲಿಲ್ಲವೋ, ಮನೆಯ ಹೆಂಗಸರ ಕೈಗೆ ಒಂದು ಹೂವು ಕೊಟ್ಟು, ಡಬ್ಬಿಯ ಪೂಜೆಗೆ ಇಷ್ಟೇ ಸಾಕು ಅನ್ನಿ. ಕೊಡುವ ಮುಂಚೆ ಆ ಹೂವಿನ ನೀರನ್ನೂ ಒದರಿ.